ಆರುನೂರು ಪದ, ಶುಕ್ರವಾರದೊಳಗೆ

ವಾಮನ ಶೇರಿಗಾರರು ಫೋನಿನಲ್ಲಿ ಹೇಳಿದ್ದು ಇಷ್ಟೇ:
ಆರುನೂರು ಪದ, ಶುಕ್ರವಾರದೊಳಗೆ.
ಜಾಹೀರಾತು ಬಂದರೆ ನಾನೂರು, ಬೇಜಾರು ಮಾಡಬೇಡಿ.
ತುಸು ತಡೆದು,
"ಆಸ್ಟ್ರೇಲಿಯದ ಮುದುಕಿಯ ಚರಿತ್ರೆ
ನಮ್ಮ ಓದುಗರಿಗೆ ಎಂತಕ್ಕೆ ಮಾರಾಯ್ರೆ?
ಅದಕ್ಕೂ ಒಂದು ಸಾಲು ಹಾಕಿ."

ಬಲ್ಮಠದ ಬಾಡಿಗೆ ಮನೆ. ಫ್ಯಾನಿನ ಗಾಳಿಗೆ
ಮೇವಿಸ್ ಟ್ರೆಂಗೋವಳ ಬದುಕು
ಐನೂರ ನಲವತ್ತು ಪುಟ, ದಪ್ಪ ರಟ್ಟು,
ತನ್ನಷ್ಟಕ್ಕೆ ಮಗುಚಿಕೊಳ್ಳುತ್ತಿದೆ.
ಹುಟ್ಟಿದ್ದು ತಾಮ್ರದ ಗಣಿಯೂರಲ್ಲಿ.
ಗಂಡ ಕುರಿಯ ಉಣ್ಣೆ ಕತ್ತರಿಸುವವ, ಕುಡುಕನಲ್ಲ
(ಇದನ್ನು ಮೂರು ಕಡೆ ಹೇಳಿದ್ದಾರೆ, ಹಾಗಾಗಿ ಅನುಮಾನ).
ಮೂರು ಕಾದಂಬರಿ. ಒಂದು ಮಗು, ಉಳಿಯಲಿಲ್ಲ.
ಪತ್ರಗಳನ್ನೆಲ್ಲ ಅವಳೇ
ಹಿತ್ತಿಲಿನ ತಗಡಿನ ಡ್ರಮ್ಮಿಗೆ ಹಾಕಿ ಸುಟ್ಟಳು.
ಚರಿತ್ರೆಕಾರ ಆ ಬೂದಿಯಿಂದ
ಅರವತ್ತು ಪುಟ ತೆಗೆದಿದ್ದಾನೆ.

ಬರೆದೆ: "ಶ್ರಮ ಮೆಚ್ಚುವಂಥದ್ದು."
ಹೊಡೆದುಹಾಕಿದೆ.
ಬರೆದೆ: "ಸುಟ್ಟವಳ ಇಷ್ಟಕ್ಕೆ ಬೆಲೆ ಇಲ್ಲವೇ?"
ನಾಲ್ಕು ಪದ. ಉಳಿದದ್ದು ಐನೂರ ತೊಂಬತ್ತಾರು.

ಒಪ್ಪಿಕೊಳ್ಳಬೇಕಾದ್ದು ಒಂದುಂಟು.
ಆ ಮೂರರಲ್ಲಿ ನಾನು ಓದಿದ್ದು ಒಂದೇ,
ಹಂಪನಕಟ್ಟೆಯಲ್ಲಿ ಹಳೆ ಗೈಡುಗಳ ರಾಶಿಯಡಿಯಿಂದ
ಮೂವತ್ತು ರೂಪಾಯಿಗೆ ಎಳೆದದ್ದು,
ಕೊನೆಯ ಹದಿನೆಂಟು ಪುಟ ಇಲ್ಲದ್ದು.
ಕುರಿಗಳು ಬಾಯಾರಿ ಬೇಲಿಗೆ ಮುಖ ಒತ್ತಿ ನಿಂತಲ್ಲಿಗೆ
ನನ್ನ ಪ್ರತಿ ಮುಗಿಯುತ್ತದೆ.
ಮಳೆ ಬಂತೋ ಇಲ್ಲವೋ
ಇಪ್ಪತ್ತು ವರ್ಷದಿಂದ ಗೊತ್ತಿಲ್ಲ.
ಆದರೂ ಆ ಅಂತ್ಯದ ಮೇಲೆ, ಬಿ.ಎ. ಮಕ್ಕಳಿಗೆ,
ಒಂದು ಪೀರಿಯಡ್ ಪೂರ್ತಿ ಪಾಠ ಮಾಡಿದ್ದೇನೆ.
ಈಗ ಪುಟ ಮುನ್ನೂರ ಒಂದರಲ್ಲಿ
ಚರಿತ್ರೆಕಾರ ಅದನ್ನು ಹೇಳಹೊರಟದ್ದು ಕಂಡು
ಆ ಪುಟಕ್ಕೆ ಕ್ಲಿಪ್ಪು ಹಾಕಿದೆ.

ಇನ್ನೂರ ಹನ್ನೆರಡು: ಅವಳ ಅಡುಗೆಮನೆ.
ಹಿಟ್ಟಿನ ಡಬ್ಬಗಳ ನಡುವೆ ಟೈಪ್‌ರೈಟರು.
"ಮಾಡಿಗೆ ಕೆಂಪು ಹೆಂಚು,
ಇಂಡಿಯಾದ ಯಾವುದೋ ಬಂದರಿನದು."
ಕನ್ನಡಕ ತೆಗೆದೆ, ಸೆರಗಿನಲ್ಲಿ ಒರೆಸಿದೆ, ಮತ್ತೆ ಹಾಕಿದೆ.
ಯಾವುದೋ.

ಜೆಪ್ಪುವಿನ ಕಾರ್ಖಾನೆಯಲ್ಲಿ ಮರ್ತಾ ದೊಡ್ಡಮ್ಮ
ಹಸಿ ಹೆಂಚಿನ ಅಂಚನ್ನು ತಂತಿಯಲ್ಲಿ ಕೊಯ್ಯುತ್ತಿದ್ದಳು.
ದಿನಕ್ಕೆಷ್ಟು ಎಂದು ಅವಳಿಗೆ ಲೆಕ್ಕವಿರಲಿಲ್ಲ, ರೈಟರಿಗೆ ಇತ್ತು.
ಭಾನುವಾರ ಚರ್ಚಿನಲ್ಲಿ ಗೀತಪುಸ್ತಕ ಹಿಡಿವಾಗ
ಉಗುರುಸಂದಿಯ ಮಣ್ಣು ಕಾಣದಂತೆ
ಬೆರಳು ಒಳಕ್ಕೆ ಮಡಿಸುವಳು.
ಹೆಂಚು ಎಲ್ಲಿಗೆ ಹೋಗುತ್ತದೆ? "ಹಡಗಿಗೆ."
ಹಡಗು?
"ಅದು ನಮ್ಮ ಕೆಲಸ ಅಲ್ಲ ಮಗಾ."

ಪುಸ್ತಕದ ಹಿಂದಕ್ಕೆ ಹೋದೆ, ಪದಸೂಚಿಗೆ,
ಇಂಗ್ಲಿಷಿನ ಎಂ ಅಕ್ಷರಕ್ಕೆ.
ಮ್ಯಾಲಿ, ಕುರುಚಲು ಕಾಡು, ಪುಟ ಒಂಬತ್ತು.
ಅದರ ಕೆಳಗೆ ನೇರ
ಮ್ಯಾನುಸ್ಕ್ರಿಪ್ಟು, ಸುಟ್ಟದ್ದು, ಇನ್ನೂರ ಎಂಬತ್ತು.
ಎರಡರ ನಡುವೆ ಕೂದಲು ಹಿಡಿಸುವಷ್ಟು ಬಿಳಿ.
ನಮ್ಮ ಊರು ಅಲ್ಲಿ ಹಿಡಿಯುತ್ತದೆ,
ಪೆನ್ಸಿಲಿನ ತುದಿ ಚೆನ್ನಾಗಿ ಹೆರೆದರೆ.

ಹೆರೆದೆ. ಬರೆದೆ.
ಇದು ವಿಮರ್ಶೆಯಲ್ಲ, ನನಗೂ ಗೊತ್ತು.
ಹೆಂಚು ಯಾರ ಕೈಯದೆಂದು ತಿಳಿದ ಮಾತ್ರಕ್ಕೆ
ಕಾದಂಬರಿಯ ನಡುಭಾಗದ ಸಡಿಲು ಬಿಗಿಯಾಗದು.
ದೊಡ್ಡಮ್ಮನ ಕೈಯದ್ದೇ ಎನ್ನಲು ಸಾಕ್ಷಿ ಎಲ್ಲಿ?
ಬಂದರುಗಳು ಬೇರೆಯೂ ಇದ್ದವು.
ಹೀಗೆ ಬೂದಿಯಿಂದ ಬದುಕು ಊಹಿಸಿದ್ದಕ್ಕೆ ತಾನೇ
ಆ ಬಡಪಾಯಿಯನ್ನು
ಮೂರನೆಯ ಪ್ಯಾರಾದಲ್ಲಿ ನಾನು ಚುಚ್ಚಿದ್ದು?
ಅಳಿಸಿದೆ. ಗುರುತು ಉಳಿಯಿತು.

ಗುರುವಾರ ರಾತ್ರಿ ಜಾಹೀರಾತು ಬಂತು,
ಚಿನ್ನದಂಗಡಿಯದು, ಅರ್ಧ ಪುಟ.
ನಾನೂರಕ್ಕೆ ಇಳಿಸಿದೆ. ಗಣಿ ಹೋಯಿತು, ಗಂಡ ಹೋದ,
ಮಗುವನ್ನು ಅರ್ಧ ವಾಕ್ಯದಲ್ಲಿ ಹೇಗೋ ಉಳಿಸಿಕೊಂಡೆ.
ಎಲ್ಲಕ್ಕೂ ಮೊದಲು
"ಮೂರರಲ್ಲಿ ಒಂದನ್ನು, ಅದನ್ನೂ ಅರೆಬರೆ ಓದಿದವಳ ಬರಹ ಇದು"
ಎಂದು ಸೇರಿಸಿದೆ. ಶೇರಿಗಾರರು ತೆಗೆದಾರು.
ನಮ್ಮ ಓದುಗರಿಗೆ ಎಂತಕ್ಕೆ, ಎಂಬಲ್ಲಿ:
"ಪುಟ ಇನ್ನೂರ ಹನ್ನೆರಡು ನೋಡಿ,
ಮತ್ತೆ ತಲೆಯೆತ್ತಿ ನಿಮ್ಮ ಮಾಡು."

ಕಳಿಸಿ ಆದ ಮೇಲೆ
ಒಂದು ಲೋಟ ಚಾ ಮಾಡಿಕೊಂಡು
ಕ್ಲಿಪ್ಪು ತೆಗೆದೆ.