ಅರವತ್ತೆಂಟು ಡಿಗ್ರಿ

ಕಾನೂನು ಹೇಳುತ್ತದೆ: ಹಗಲಿಗೆ ಅರವತ್ತೆಂಟು,
ರಾತ್ರಿಗೆ ಅರವತ್ನಾಲ್ಕು.
ನಡುವಿನ ನಾಲ್ಕು ಡಿಗ್ರಿ ಕಂಬಳಿಯ ಲೆಕ್ಕವಿರಬೇಕು;
ಬರೆದವರ ಮನೆಯಲ್ಲಿ ದಪ್ಪ ಕಂಬಳಿಗಳಿದ್ದವು.

ನ್ಯೂ ಬೆಡ್‌ಫರ್ಡಿನ ಉತ್ತರ ತುದಿ. ಮೂರಂತಸ್ತಿನ ಮರದ ಮನೆ.
ಫೆಬ್ರವರಿ. ಬಂದರಿನ ಗಾಳಿಗೆ ಮೀನಿನ ವಾಸನೆ, ಬ್ಲೇಡಿನ ಮೊನೆ.
ಮೆಟ್ಟಿಲ ಕಟಕಟೆ ಅಲ್ಲಾಡುತ್ತದೆ. ಅದನ್ನೂ ಬರೆದುಕೊಂಡೆ.

ಬಾಗಿಲು ಅಂಗೈಯಗಲ ತೆರೆಯಿತು.
ತೊಮಾಸಾ ಇಶ್ಕೊಯ್, ಮೀನು ಕೊಯ್ಯುವ ಕಾರ್ಖಾನೆಯ ರಾತ್ರಿ ಪಾಳಿ,
ಬೆರಳ ತುದಿಗೆ ಮಂಜುಗಡ್ಡೆ ಕಚ್ಚಿದ ಬಿಳಿ ಗುರುತು.
ನನ್ನ ಕೊರಳ ಗುರುತುಚೀಟಿ ಕಂಡದ್ದೇ ಅವಳ ಮುಖ
ಒಳಗಿನಿಂದ ಚಿಲಕ ಹಾಕಿಕೊಂಡಿತು.
ಪೊಲೀಸಲ್ಲಮ್ಮ, ಆರೋಗ್ಯ ಇಲಾಖೆ, ಎಂದೆ.
ಹೆದರಿದವರ ಕಿವಿಗೆ ಎಲ್ಲ ಇಲಾಖೆಯದೂ ಒಂದೇ ಬೂಟು.

ರೇಡಿಯೇಟರಿನ ಮೇಲೆ ಒಣಗದ ಕಾಲುಚೀಲ.
ಕಿಟಕಿಗೆ ಪ್ಲಾಸ್ಟಿಕ್ಕು, ಅದರ ಮೇಲೆ ಟೇಪು, ಟೇಪಿನ ಮೇಲೂ ಟೇಪು;
ಗಾಳಿ ಬರಬಾರದೆಂದು ಮಾಡಿದ ಜಾಣತನ
ಗಾಳಿಯನ್ನು ಹೋಗಲೂ ಬಿಡುವುದಿಲ್ಲ.
ಅಡುಗೆಮನೆಯಲ್ಲಿ ಮಾತ್ರ ಬೇಸಿಗೆ:
ಗ್ಯಾಸ್ ಓವನ್ನು ಬಾಯಿ ಕಳೆದು ಕೂತಿದೆ,
ನೀಲಿ ನಾಲಿಗೆಯ ಅಂಚಿಗೆ ಹಳದಿ.
ಎದುರಿಗೆ ಇಬ್ಬರು ಮಕ್ಕಳು, ಭಿನ್ನರಾಶಿ.
ದೊಡ್ಡವಳಿಗೆ ತಲೆನೋವಂತೆ.
ಲೆಕ್ಕ ಅಂದರೆ ಯಾವಾಗಲೂ ಹೀಗೇ, ಎಂದಳು ತಾಯಿ.

ನನ್ನ ಸೊಂಟದ ಮೀಟರು ಕೂಗಿತು.

ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ;
ನಾನಾದರೂ ಬಾಗಿಲು ತಟ್ಟಿ ಬರುತ್ತೇನೆ.
ಓವನ್ ಆರಿಸಿದೆ, ಟೇಪು ಹರಿದೆ, ಕಿಟಕಿ ಎತ್ತಿದೆ.
ಅವರು ಮೂರು ತಿಂಗಳು ಹೊರಗೆ ನಿಲ್ಲಿಸಿದ್ದ ಚಳಿಯನ್ನು
ನಾನೇ ಕೈಯಾರೆ ಒಳಗೆ ಕರೆದೆ.
ಗೋಡೆಯ ಅಲಾರಮ್ಮಿನ ಹೊಟ್ಟೆ ಖಾಲಿ.
ಬ್ಯಾಟರಿ ಎಲ್ಲಿ?
ಯಾರೂ ಮಾತಾಡಲಿಲ್ಲ. ಚಿಕ್ಕವನು ತನ್ನ ಜೇಬು ಮುಟ್ಟಿಕೊಂಡ.

ಮಾಲೀಕ ಗೌವೇಯಾ ಕೆಳಗಿನ ಅಂತಸ್ತಿನಲ್ಲೇ ಇದ್ದ.
ಎರಡು ಕೋಟು, ಒಂದು ಟೊಪ್ಪಿ, ಮಾತಿಗೊಮ್ಮೆ ಬಾಯಲ್ಲಿ ಉಗಿ.
ಬಾಯ್ಲರು ಡಿಸೆಂಬರಿನಲ್ಲೇ ಸತ್ತಿತು,
ಹೊಸದಕ್ಕೆ ಒಂಬತ್ತು ಸಾವಿರ ಡಾಲರು.
ಅವನ ಓವನ್ನೂ ಬಾಯಿ ತೆರೆದೇ ಇತ್ತು.
ದಾರಿಯುದ್ದಕ್ಕೂ ಮಸೆದಿಟ್ಟುಕೊಂಡಿದ್ದ ಬೈಗುಳ
ಅರ್ಧಕ್ಕೆ ಮೊಂಡಾಯಿತು.
ಉಳಿದರ್ಧ ಬೈದೆ. ಬಾಡಿಗೆಯನ್ನು ಅವನು
ಪ್ರತಿ ಒಂದನೇ ತಾರೀಕು ತಪ್ಪದೆ ಎಣಿಸಿಕೊಂಡಿದ್ದ.

ಅಗ್ನಿಶಾಮಕದವರು ಬಂದರು, ಗ್ಯಾಸು ನಿಲ್ಲಿಸಿದರು.
ಉಳಿದದ್ದು ನನ್ನ ಕೆಂಪು ಚೀಟಿ: ವಾಸಕ್ಕೆ ಯೋಗ್ಯವಲ್ಲ.
ಅಂಟಿಸಿದರೆ ಈ ರಾತ್ರಿ ಉಸಿರಾಡುತ್ತಾರೆ,
ಎಲ್ಲಿ ಎಂಬುದಕ್ಕೆ ಚೀಟಿಯಲ್ಲಿ ಜಾಗವಿಲ್ಲ.
ನಾಲ್ಕು ಕಡೆ ಫೋನು ಮಾಡಿದೆ. ಐದನೆಯದು ಚರ್ಚಿನ ನೆಲಮಾಳಿಗೆ,
ಮೂರು ರಾತ್ರಿ, ಆಮೇಲೆ ನೋಡೋಣ.
ತೊಮಾಸಾ ಒಂದೇ ಮಾತು ಕೇಳಿದಳು:
ಅಲ್ಲಿಂದ ಕಾರ್ಖಾನೆಗೆ ಬಸ್ಸಿದೆಯೆ?

ಮೆಟ್ಟಿಲ ತಿರುವಿನಲ್ಲಿ ದೀಪವಿರಲಿಲ್ಲ (ಅದೂ ಒಂದು ಉಲ್ಲಂಘನೆ).
ಚೀಟಿಗೆ ಸಹಿ ಹಾಕಲು ತಡವರಿಸುತ್ತಿದ್ದೆ.
ಚಿಕ್ಕವನು ಬಂದು ಜೇಬಿನಿಂದ ಟಾರ್ಚು ತೆಗೆದು ಹಿಡಿದ.
ಬೆಳಕು ನಡುಗುತ್ತಿತ್ತು, ಕೈ ನಡುಗುತ್ತಿದ್ದುದರಿಂದ.
ಯಾವ ಬ್ಯಾಟರಿ ಎಂದು ನಾನು ಕೇಳಲಿಲ್ಲ.
ಇನ್ನೂ ಸ್ವಲ್ಪ ಹತ್ತಿರ ಹಿಡಿ, ಎಂದೆ.