ತಕ್ಕದ್ದು

ಮಂಗಳವಾರ, ಸಂಜೆ ನಾಲ್ಕಕ್ಕೇ ಕತ್ತಲೆ.
ಕೊಂಗ್ಸ್‌ಬರ್ಗಿನ ಹೊಳೆ ಅರ್ಧ ಹೆಪ್ಪುಗಟ್ಟಿ
ಇನ್ನರ್ಧ ಗೊಣಗುತ್ತಿದೆ ಸೇತುವೆಯ ಕೆಳಗೆ.
ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದ ಗುನ್ವೋರ್
ಬೂಟಿನ ಹಿಮವನ್ನು ಮೆಟ್ಟಿಲಿಗೆ ಒದರಿ
ಹಿಂದಿನ ಬೆಂಚಿಗೆ ಬಂದು ಕೂರುತ್ತಾಳೆ.
ವಯಸ್ಸು ನಲವತ್ತಾರು. ಪಕ್ಕದವನಿಗೆ ಇಪ್ಪತ್ತಮೂರು,
ಅವನ ಪೆನ್ಸಿಲ್ ಡಬ್ಬಿಯ ಮೇಲಿನ್ನೂ ಡೈನೋಸಾರಿನ ಚಿತ್ರ.

"ಬೇಕು ಅನ್ನುವುದು ಬೇರೆ, ಇರಲಿ ಅನ್ನುವುದು ಬೇರೆ,"
ಎನ್ನುತ್ತಾರೆ ಮೇಷ್ಟ್ರು ಐಲರ್ಟ್,
"ಆದೀತು ಅನ್ನುವುದಂತೂ ಬರಿಯ ಹವಾಮಾನ.
ಯಂತ್ರಕ್ಕೆ ತಿಳಿಯುವುದು ಒಂದೇ ಮಾತು: ತಕ್ಕದ್ದು.
ತೆರೆಯತಕ್ಕದ್ದು. ಮುಚ್ಚತಕ್ಕದ್ದು. ತಾಳತಕ್ಕದ್ದು.
'ಮತ್ತು' ಬಂದಲ್ಲಿ ವಾಕ್ಯವನ್ನು ಮುರಿಯಿರಿ,
'ಸಾಕಷ್ಟು' ಬಂದಲ್ಲಿ ನಾಚಿಕೊಳ್ಳಿ."

ಮನೆಗೆ ಬಂದು ಫ್ರಿಜ್ಜಿಗೆ ಚೀಟಿ ಅಂಟಿಸಿದಳು ಮಗಳಿಗೆ:
ಹತ್ತರೊಳಗೆ ಮರಳತಕ್ಕದ್ದು.
ಮಗಳು ಕೆಳಗೆ ಗೀಚಿದಳು:
ಪರೀಕ್ಷಿಸುವ ವಿಧಾನ?

ಹಲಗೆಯ ಮೇಲೆ ಒಂದು ಇಳಿಜಾರು, ಒಂದು ಏರು,
ವಲಸೆ ಬಾತುಗಳು ಬಾನಿನಲ್ಲಿ ಬಿಡಿಸುವ ಕೋನ.
ಇಳಿಯುತ್ತ ಒಡೆಯಬೇಕು, ಇಡಿಯನ್ನು ಬಿಡಿಗೆ, ಬಿಡಿಯನ್ನು ತಿರುಪಿಗೆ;
ಏರುತ್ತ ಕೂಡಿಸಬೇಕು, ಮೆಟ್ಟಿಲು ಮೆಟ್ಟಿಲಿಗೂ
ಎದುರು ದಂಡೆಗೆ ಲೆಕ್ಕ ಒಪ್ಪಿಸುತ್ತ.
ಇಳಿದು ಏರುವುದು ಅವಳಿಗೆ ಹೊಸತಲ್ಲ.
ಊರ ಹಿಂದಿನ ಬೆಟ್ಟದ ಹೊಟ್ಟೆಯಲ್ಲಿ
ಬೆಳ್ಳಿ ಮುಗಿದ ಗಣಿ.
ಅಲ್ಲಿ ಎರಡು ಉದ್ದನೆಯ ತೊಲೆಗಳು,
ಒಂದು ಏರುವಾಗ ಒಂದು ಇಳಿಯುತ್ತದೆ,
ಎರಡಕ್ಕೂ ಪಾದ ಹಿಡಿಸುವಷ್ಟೇ ಹಲಗೆ.
ಎರಡೂ ನಿಂತಂತೆ ನಿಲ್ಲುವ ಅರೆ ಉಸಿರಿನಲ್ಲಿ
ಇದರಿಂದ ಅದಕ್ಕೆ ಕಾಲು ಬದಲಿಸಬೇಕು,
ಮತ್ತೆ ಅದರಿಂದ ಇದಕ್ಕೆ, ಪಾತಾಳ ಮುಟ್ಟುವತನಕ.
ಮುತ್ತಜ್ಜ ಹಾಗೆ ಇಳಿದವನು.
ತೊಲೆ ಎಂದೂ ಮುರಿದದ್ದಿಲ್ಲ, ಅನ್ನುತ್ತಿದ್ದಳು ಅಜ್ಜಿ,
ಬಿದ್ದವರೆಲ್ಲ ನಡುವೆ ಬಿದ್ದರು.

ಅವಳ ಪ್ರಬಂಧ ಒಂದು ಬಾಗಿಲು.
ಸುರಂಗದಲ್ಲಿ ಬೆಂಕಿ ಬಿದ್ದರೆ
ಲಾರಿಯವನು ಓಡಿ ಬಂದು ಎಳೆಯುವ ಉಕ್ಕಿನ ಬಾಗಿಲು.
ಅದಕ್ಕೆ ನೂರ ಹದಿನೆಂಟು ತಕ್ಕದ್ದುಗಳು:
ಹೊಗೆಗೆ ಇಷ್ಟು, ಶಾಖಕ್ಕೆ ಇಷ್ಟು,
ನಾಲ್ಕು ಸೆಕೆಂಡು, ಮೈನಸ್ ಮೂವತ್ತು.
ಎಲ್ಲದರ ಎದುರೂ ಹಸಿರು ಗುರುತು.
ಐಲರ್ಟ್ ಕನ್ನಡಕ ತೆಗೆದು ಒರೆಸಿದರು;
ಅವರ ಹೊಗಳಿಕೆ ಅಷ್ಟೇ.

ಫೆಬ್ರವರಿಯಲ್ಲಿ ಸುರಂಗಕ್ಕೆ ಹೋದಾಗ
ಹಿಮ ಗೋರುವ ಗಾಡಿಯ ಓದ್‌ಮುಂಡ್ ಅಲ್ಲೇ ನಿಂತಿದ್ದ,
ತುಟಿಯಡಿಯಲ್ಲಿ ಹೊಗೆಸೊಪ್ಪಿನ ಪುಟ್ಟ ಪೊಟ್ಟಣ.
"ಇದನ್ನೊಮ್ಮೆ ತೆರೆಯಿರಿ," ಅಂದಳು.
ಅವನ ಕೈಗೆ ಕುರಿಯುಣ್ಣೆಯ ಗವಸು, ಅದರ ಮೇಲೊಂದು ತೊಗಲಿನದು;
ಬಾಗಿಲ ಹಿಡಿ ಎರಡು ಬೆರಳಿಗಾಗುವಷ್ಟು.
ಜಾರಿತು.
ಮತ್ತೆ ಜಾರಿತು.
ಗವಸನ್ನು ಹಲ್ಲಿನಿಂದ ಕಿತ್ತು
ಉಗುಳಿ, ತೆರೆದ.
ಹನ್ನೊಂದು ಸೆಕೆಂಡು.
ಅದರಲ್ಲಿ ಬಾಗಿಲಿನದು ಬರೆದುಕೊಟ್ಟಂತೆ ನಾಲ್ಕೇ.
ಉಳಿದ ಏಳು ಯಾರವು?

"ತಪ್ಪಾಯ್ತಮ್ಮಾ," ಅಂದ ಓದ್‌ಮುಂಡ್,
"ಇನ್ನೊಂದು ಸಲ ಮಾಡಲಾ?"
ಅದೇ ಅವಳಿಗೆ ತಾಳಲಾಗದ್ದು,
ಬಾಗಿಲಿನ ತಪ್ಪಿಗೆ ಮನುಷ್ಯ ಕ್ಷಮೆ ಕೇಳಿದ್ದು.

ಆ ರಾತ್ರಿ ನೂರ ಹತ್ತೊಂಬತ್ತನೆಯದನ್ನು ಬರೆಯಲು ಕೂತಳು.
ಗವಸು ತೊಟ್ಟ ಕೈಗೂ ತೆರೆಯತಕ್ಕದ್ದು.
ಯಾವ ಗವಸು? ಎಷ್ಟು ದಪ್ಪ? ಒದ್ದೆಯೋ ಒಣಗಿದ್ದೋ?
ಎರವಲು ತಂದ ಅವನ ಗವಸಿಗೆ ಕೈ ತೂರಿಸಿ
ಮನೆಯ ಹಿಡಿಗಳನ್ನೆಲ್ಲ ಹಿಡಿದು ನೋಡಿದಳು,
ಕಪಾಟು, ಬಾಣಲೆ, ಕಿಟಕಿ, ಒಲೆಯ ಬಾಗಿಲು.
ಗವಸಿನೊಳಗೆ ಇನ್ನೊಬ್ಬನ ಬೆರಳುಗಳ ಅಚ್ಚು,
ಅವಳ ಬೆರಳು ತುಂಬದಷ್ಟು ದೊಡ್ಡದು.

ಹತ್ತೂ ನಲವತ್ತಕ್ಕೆ ಮಗಳು ಹೊಸಿಲಲ್ಲಿ,
ಬೈಗುಳಕ್ಕೆ ಸಿದ್ಧವಾದ ಮುಖ.
"ಒಳಗೆ ಬರಬೇಡ," ಅಂದಳು ಗುನ್ವೋರ್,
"ಬಾಗಿಲು ಹಾಕಿಕೊ. ಇದನ್ನು ತೊಟ್ಟು
ಹೊರಗಿನಿಂದ ತೆರೆ, ಓಡಿ ಬಂದವಳ ಹಾಗೆ."
ಗಡಿಯಾರ ನೋಡುತ್ತ ನಿಂತಳು.
ತಡವಾದದ್ದಕ್ಕಲ್ಲ.