ಷರಾ ಕಾಲಂ

ಊದುಬತ್ತಿ ಕಾರ್ಖಾನೆಯ ದಾಸ್ತಾನು ಪುಸ್ತಕ ಇದು.
ಮೊದಲ ಹದಿನಾಲ್ಕು ಹಾಳೆ ಹರಿದು
ಹದಿನೈದರಿಂದ ನಮ್ಮ ಕ್ಲಬ್ಬು:
ಈರನಗೆರೆ ಯೂನಿಯನ್, ಜಿಲ್ಲಾ ಲೀಗು, ಸಿ ಡಿವಿಷನ್ನು.
ತೆರೆದರೆ ಇವತ್ತಿಗೂ ಮಡ್ಡಿಯ ಘಮ.
ಸೋಲಿಗೆ ಇಷ್ಟು ಒಳ್ಳೆಯ ವಾಸನೆ
ಇನ್ನೆಲ್ಲೂ ಇರಲಾರದು.

ಗೆರೆ ಎಳೆದವರು ಇನ್ನಾಸಪ್ಪ, ಅಲ್ಲಿನ ಗುಮಾಸ್ತರು.
ಆಡಿದ್ದು, ಗೆದ್ದದ್ದು, ಸಮ, ಸೋತದ್ದು,
ಹೊಡೆದದ್ದು, ಹೊಡೆಸಿಕೊಂಡದ್ದು,
ಕೊನೆಗೆ ಒಂದು ಅಗಲ ಕಾಲಂ. ಷರಾ.

೧೯೭೪. ಆಡಿದ್ದು ಒಂಬತ್ತು, ಸೋತದ್ದು ಏಳು.
ಷರಾ: ಬೂಟು ನಾಲ್ಕೇ ಜೊತೆ.
೧೯೭೬. ಸೋತದ್ದು ಮತ್ತೆ ಏಳು.
ಷರಾ: ಬೂಟು ಹನ್ನೊಂದೂ ಜೊತೆ.
೧೯೭೯. ಗೆದ್ದದ್ದು ಆರು! ಬಿ ಡಿವಿಷನ್ನಿಗೆ ಬಡ್ತಿ.
ಷರಾ ಖಾಲಿ. ಕೈ ನಡುಗಿರಬೇಕು,
ಇಲ್ಲವೇ ಎಲ್ಲರ ಜೊತೆ ಅವರೂ
ಮಂಡಿ ಮೊಹಲ್ಲಾಕ್ಕೆ ಬಿರಿಯಾನಿಗೆ ಹೋಗಿರಬೇಕು.
೧೯೮೦. ಮರಳಿ ಸಿ. ಷರಾ: ನಿರೀಕ್ಷಿತ.
೧೯೮೩. ಷರಾ: ಪಂದ್ಯದ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂದು
ಮೂವರು ಗೈರು.

೧೯೮೭ ನನ್ನ ವರ್ಷ. ವಯಸ್ಸು ಹದಿನೇಳು.
ಗೋಲಿನ ಬಾಯಿಗೆ ನನ್ನನ್ನೇ ಬಾಗಿಲು ಮಾಡಿ ನಿಲ್ಲಿಸಿದರು,
ಚಿಲಕವಿಲ್ಲದ ಬಾಗಿಲು.
ಕೈಲಾಸಪುರದವರು ಆರು ಹೊಡೆದರು.
ಆರನೆಯದು ನನ್ನೆರಡು ಕಾಲಿನ ನಡುವೆ
ಮನೆಯ ಬೆಕ್ಕಿನ ಹಾಗೆ, ಆತುರವೇ ಇಲ್ಲದೆ, ಒಳಗೆ ಹೋಯಿತು.
ಚುರುಮುರಿ ಗಾಡಿಯವನೂ ನಕ್ಕ.

೧೯೯೧. ಕಾವೇರಿ ಗಲಾಟೆ. ಎರಡು ಪಂದ್ಯ ಬಾಕಿ.
ವಡಿವೇಲು ರಾತ್ರೋರಾತ್ರಿ ಊರು ಬಿಟ್ಟ,
ಅವನ ಹೆಸರಿನ ಮುಂದೆ ನಾಲ್ಕು ಗೋಲು
ಇನ್ನೂ ಐದನೆಯದಕ್ಕೆ ಕಾಯುತ್ತ ಕೂತಿವೆ.

ತೊಂಬತ್ತೆಂಟರಿಂದ ಅಕ್ಷರ ಮುನೀರ್ ಪಾಷನದು.
ಸೈಕಲ್ ಅಂಗಡಿಯ ಗ್ರೀಸು ಮೂಲೆಮೂಲೆಗೂ.
ಕಾಗುಣಿತಕ್ಕೂ ಅವನಿಗೂ ಅಷ್ಟಕ್ಕಷ್ಟೆ,
ಸೊನ್ನೆಗಳು ಮಾತ್ರ ಎಷ್ಟು ದುಂಡಗೆ!
ರಿಮ್ಮಿನ ಸೊಟ್ಟ ತೆಗೆಯುವ ಕೈ.

೨೦೨೦. ಆಡಿದ್ದು ಸೊನ್ನೆ, ಸೋತದ್ದು ಸೊನ್ನೆ.
ಷರಾ: ಮುನೀರ್.
ನಾನು ಬರೆದ ಮೊದಲ ಸಾಲು ಅದು.
ನನ್ನ ಸೊನ್ನೆಗಳು ಸೊಟ್ಟ.

ಆ ಮಳೆಗಾಲ ಬೇರೆ ಕೆಲಸವಿಲ್ಲದೆ
ರೆಫರಿಗಳ ಹಳೆಯ ಚೀಟಿ ಮುಂದಿಟ್ಟುಕೊಂಡು
ಎಲ್ಲ ವರ್ಷವನ್ನೂ ಕೂಡಿ ನೋಡಿದೆ.
ಎಲ್ಲ ತಾಳೆ. ಎಂಬತ್ತೇಳು ಮಾತ್ರ ಒಂದು ಕಡಿಮೆ.
ಚೀಟಿಯಲ್ಲಿ ಆರು,
ಇನ್ನಾಸಪ್ಪನವರ ಅಕ್ಷರದಲ್ಲಿ ಐದು.

ಗ್ರೋಸಿಗೆ ಒಂದು ಕಡ್ಡಿ ತಪ್ಪದ ಮನುಷ್ಯ,
ಮಾಲೀಕರ ಜೊತೆ ನಾಲ್ಕಾಣೆಗೆ ಜಗಳ ಕಾದವರು,
ಆ ಒಂದು ಗೋಲನ್ನು ಯಾವ ಜೇಬಿಗೆ ಹಾಕಿಕೊಂಡು
ಅಷ್ಟು ವರ್ಷ ಓಡಾಡಿದರೋ.
ಪ್ರತಿ ಭಾನುವಾರ ನನಗೆ ಟೀ ಕೊಡಿಸುತ್ತಿದ್ದರು,
ಒಂದು ದಿನವೂ ಬಾಯಿ ಬಿಡಲಿಲ್ಲ.
ಕೇಳೋಣವೆಂದರೆ ಅವರು ಹೋಗಿ ಆಗಲೇ ಹನ್ನೆರಡು ವರ್ಷ.

ಪೆನ್ನು ತೆಗೆದೆ. ಮುಚ್ಚಿಟ್ಟೆ.
ಎರಡು ದಿನ ಬಿಟ್ಟು ತಿದ್ದಿದೆ: ಆರು.
ಉಪಕಾರ ಅವರದು,
ಗೋಲು ನನ್ನದು.

ಈ ವರ್ಷ, ಹೋದ ಭಾನುವಾರ, ಮತ್ತೆ ಕೈಲಾಸಪುರ.
ಕೀಪರು ಉಲ್ಲಾಸ, ಪಿಯುಸಿ ಹುಡುಗ,
ಗ್ಲೌಸಿನೊಳಗೆ ಬೆರಳು ಮಡಚಿಕೊಂಡು ನಿಂತಿದ್ದ.
'ಎಷ್ಟಾಯ್ತೋ?' ಅಂದೆ, ಗೊತ್ತಿದ್ದೂ.
'ಒಂಬತ್ತು ಸಾರ್.'
ಎಂಟು ಅನ್ನಬಹುದಿತ್ತು. ರೆಫರಿಗೇ ಲೆಕ್ಕ ತಪ್ಪಿತ್ತು.

ಬರೆದೆ, ಒಂಬತ್ತು,
ನಾಳೆ ಯಾರೂ ಏಳೆಂದು ಓದದ ಹಾಗೆ.
ಆಮೇಲೆ ಆ ಅಗಲ ಕಾಲಮ್ಮಿಗೆ ಬಂದು
ಅವನಿಗೆ ಕಾಣಲೆಂದು ಪುಸ್ತಕ ಕೊಂಚ ತಿರುಗಿಸಿ:
ಬಿಸಿಲು ಕೀಪರ್ ಕಣ್ಣಿಗೆ ಹೊಡೆಯುತ್ತಿತ್ತು.

ಓದಿದ. ಕತ್ತೆತ್ತಿ ಮೇಲೆ ನೋಡಿದ.
ಬೆಳಿಗ್ಗೆಯಿಂದ ಮೋಡ.